ಕರ್ಮಶಾಲೆಗಳಲ್ಲಿ ಅಪಾಯನಿವಾರಣೆ: ಪ್ರಾಚೀನ ವಿಧಿಗಳೂ ಇಂದಿನ ಶಾಸನಗಳೂ

ದುಡಿಮೆಯ ಸ್ಥಳದಲ್ಲಿ ಕರ್ಮಕರರ ದೇಹಕ್ಕಾಗಲಿ ಪ್ರಾಣಕ್ಕಾಗಲಿ ಹಾನಿಯೊದಗದಂತೆ ನಿಯಮಗಳನ್ನು ವಿಧಿಸುವುದು ಯಂತ್ರಯುಗದ ಪದ್ಧತಿಯೆಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಶಾಸನಗಳ ಇತಿಹಾಸವನ್ನಷ್ಟೇ ನೋಡಿದರೆ ಇದು ದಿಟವೇ. ಭರತಖಂಡದಲ್ಲಿ ಮೊದಲನೆಯ ಕಾರ್ಖಾನೆಗಳ ಶಾಸನವು ಹುಟ್ಟಿದುದು ೧೮೮೧ರಲ್ಲಿ. ಯಂತ್ರಶಕ್ತಿಯಿಂದ ನಡೆಯುವ, ನೂರು ಮಂದಿಗೆ ಕಡಮೆಯಿಲ್ಲದೆ ದುಡಿಯುವ ಕಾರ್ಖಾನೆಗಳಿಗೆ ಮಾತ್ರ ಅನ್ವಯಿಸುತ್ತಿದ್ದ ಆ ಶಾಸನವು, ಏಳು ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕೆ ಹಚ್ಚಕೂಡದೆಂದೂ, ಅಪಾಯಕರವಾದ ಯಂತ್ರಭಾಗಗಳಿಗೆ ಆವರಣವಿರಬೇಕೆಂದೂ ವಿಧಿಸಿತು. ಆದರೆ ವಿಧಿಯನ್ನು ಬರೆದಿಡುವುದು ಬೇರೆ. ಅದು ದಿನದಿನವೂ ತಪ್ಪದೆ ನಡೆಯುವಂತೆ ನೋಡಿಕೊಳ್ಳುವುದು ಬೇರೆ. ಈ ಎರಡನೆಯ ವಿಷಯದಲ್ಲಿ ಪ್ರಾಚೀನ ಶಾಸ್ತ್ರಕಾರರ ದೃಷ್ಟಿ ಎಂತಹುದಾಗಿದ್ದಿತೆಂಬುದನ್ನು ವಿಚಾರಿಸುವುದು ನಿಷ್ಪ್ರಯೋಜನವಾಗಲಾರದು.

ಈ ವಿಚಾರಕ್ಕೆ ಮುಖ್ಯವಾದ ಆಕರವು ಕೌಟಿಲ್ಯನ ಅರ್ಥಶಾಸ್ತ್ರ. ಮೈಸೂರಿನ ಪ್ರಾಚ್ಯ ಗ್ರಂಥಭಂಡಾರಕ್ಕೆ ಬಂದಿದ್ದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ಇದನ್ನು ಗುರುತಿಸಿ, ಮೂಲವನ್ನು ೧೯೦೯ರಲ್ಲಿ ಪ್ರಕಟಿಸಿದುದು ವಿದ್ವಾಂಸರಿಗೆ ತಿಳಿದೇ ಇದೆ. ಇದರ ಎರಡನೆಯ ಅಧಿಕರಣದ ಕಡೆಯ ಪ್ರಕರಣವು ನಾಗರಿಕನೆಂಬ ಪುರಾಧಿಕಾರಿಯ ಕರ್ತವ್ಯಗಳನ್ನು ಕುರಿತದ್ದು. ಬೇಸಗೆಯಲ್ಲಿ ಹಗಲಿನ ನಾಲ್ಕು ಭಾಗಗಳ ಪೈಕಿ ನಡುವಣ ಎರಡು ಭಾಗಗಳಲ್ಲಿ ಬೆಂಕಿಯನ್ನು ಹೊತ್ತಿಸಕೂಡದೆಂದೂ, ಹೊತ್ತಿಸಿದರೆ ಪಣದ ಎಂಟನೆಯ ಒಂದು ಭಾಗ ದಂಡವೆಂದೂ ಅಲ್ಲಿ ವಿಧಿಸಿದೆ. ಹುಲ್ಲು ಚಾಪೆಗಳ ಹೊದಿಕೆಯನ್ನು ತೆಗೆಯಿಸಬೇಕು. ಕಮ್ಮಾರರೇ ಮೊದಲಾದ ಅಗ್ನಿಜೀವಿಗಳನ್ನು ಒಂದೆಡೆಯಲ್ಲಿ ನೆಲೆಗೊಳಿಸಬೇಕು. ಬೀದಿಗಳಲ್ಲಿಯೂ ಚೌಕಗಳಲ್ಲಿಯೂ ಬಾಗಿಲುಗಳಲ್ಲಿಯೂ ನೀರಿನ ಕೊಡಗಳನ್ನು ಸಾಲಾಗಿ ಇರಿಸಬೇಕು. ಪ್ರತಿಯೊಂದು ಮನೆಯಲ್ಲಿಯೂ ಐದು ಕೊಡಗಳು, ಕುಂಭ, ದ್ರೋಣಿ, ಏಣಿ, ಕೊಡಲಿ, ಮೊರ, ಕೊಕ್ಕೆ, ಹುಲ್ಲನ್ನು ಸೆಳೆಯುವ ಸಾಧನ, ತೊಗಲಿನ ಚೀಲ ಇವು ಸಿದ್ಧವಾಗಿರಬೇಕು. ಇಲ್ಲವಾದರೆ ಕಾಲು ಪಣ ದಂಡ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಏಣಿಯಿಲ್ಲದವನಿಗೆ ದಂಡವು ಬೀಳುವುದು ಮನೆ ಹೊತ್ತಿ ಉರಿದ ಬಳಿಕವಲ್ಲ. ಬೆಂಕಿಯೇ ಬೀಳದಿದ್ದರೂ ಉಪಕರಣದ ಅಭಾವವೇ ಅಪರಾಧ. ಬೆಂಕಿ ಬಿದ್ದಮೇಲಿನ ದಂಡಗಳು ಬೇರೆಯಾಗಿಯೇ ಹೇಳಲ್ಪಟ್ಟಿವೆ: ಆರಿಸಲು ಓಡಿಬಾರದ ಮನೆಯೊಡೆಯನಿಗೆ ೧೨ ಪಣ, ಬಾಡಿಗೆಗಿದ್ದವನಿಗೆ ೬ ಪಣ, ಪ್ರಮಾದದಿಂದ ಬೆಂಕಿ ಹತ್ತಲು ಕಾರಣನಾದವನಿಗೆ ೫೪ ಪಣ. ಇದಲ್ಲದೆ ನಾಗರಿಕನು ನೀರಿನ ಸ್ಥಾನಗಳನ್ನೂ ಮಾರ್ಗಗಳನ್ನೂ ಕೋಟೆಯ ರಕ್ಷೆಯನ್ನೂ ನಿತ್ಯವೂ ಅವೇಕ್ಷಿಸಬೇಕೆಂದಿದೆ. ಈ ನಿತ್ಯತ್ವವೇ ವಿಧಿಯ ಜೀವಾಳ. ಒಂದು ದಿನ ತುಂಬಿಸಿದ ಕೊಡವು ಬೇಸಗೆಯಲ್ಲಿ ಮರುವಾರವೂ ತುಂಬಿರುವುದೆಂದು ನಂಬುವಂತಿಲ್ಲವಷ್ಟೆ.

ಈ ವಿಧಿಗಳು ಪುರವನ್ನು ಕುರಿತವು, ಕೇವಲ ಕರ್ಮಶಾಲೆಯನ್ನು ಕುರಿತವಲ್ಲ ಎಂಬ ಆಕ್ಷೇಪವು ಯುಕ್ತವೇ. ಆದರೆ ಅದೇ ಅಧಿಕರಣದ ಸೂತ್ರಾಧ್ಯಕ್ಷ ಪ್ರಕರಣವು ನೇರವಾಗಿ ಕರ್ಮಶಾಲೆಗೇ ಸಂಬಂಧಿಸಿದೆ. ನೂಲನ್ನು ತಾವಾಗಿ ತಂದೊಪ್ಪಿಸುವ ಸ್ತ್ರೀಯರೊಡನೆ ನೂಲು ಮತ್ತು ವೇತನಗಳ ವಿನಿಮಯವು ಮುಂಜಾನೆ ನಡೆಯಬೇಕು. ದೀಪವು ನೂಲನ್ನು ಪರೀಕ್ಷಿಸಲು ಸಾಲುವಷ್ಟೇ ಇರಬೇಕು. ಸ್ತ್ರೀಯ ಮುಖವನ್ನು ನೋಡಿದರೆ ಅಥವಾ ಅನ್ಯವಿಷಯವನ್ನು ಮಾತನಾಡಿದರೆ ಪೂರ್ವಸಾಹಸವೆಂಬ ದಂಡ. ವೇತನದ ಕಾಲವನ್ನು ಮೀರಿದರೆ ಮಧ್ಯಮಸಾಹಸ. ಈ ದಂಡಗಳು ದುಡಿಯುವವಳ ಮೇಲಲ್ಲ, ಅಧಿಕಾರದಲ್ಲಿರುವವನ ಮೇಲೆ ಬೀಳುತ್ತವೆ.

ಹೊಣೆ ಯಾರದೆಂಬ ಪ್ರಶ್ನೆಯನ್ನು ಸ್ಮೃತಿಗಳು ಇನ್ನೂ ಸೂಕ್ಷ್ಮವಾಗಿ ವಿವೇಚಿಸಿವೆ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಬಂಡಿಯಿಂದಾಗುವ ಹಾನಿಯ ವಿಚಾರವಿದೆ. ಸಾರಥಿಯ ಅಕೌಶಲದಿಂದ ಬಂಡಿಯು ದಾರಿ ತಪ್ಪಿ ಹಾನಿಯಾದರೆ ಒಡೆಯನಿಗೆ ೨೦೦ ಪಣ ದಂಡ. ಸಾರಥಿಯು ಕುಶಲನಾಗಿದ್ದರೆ ದಂಡವು ಅವನಿಗೇ. ಅಕುಶಲನನ್ನು ಕೆಲಸಕ್ಕೆ ನೇಮಿಸಿದುದೇ ಒಡೆಯನ ದೋಷವೆಂಬುದು ಇದರ ತಾತ್ಪರ್ಯ. ಯಾಜ್ಞವಲ್ಕ್ಯನು ಮತ್ತೊಂದು ಹೆಜ್ಜೆ ಮುಂದಿಟ್ಟಿದ್ದಾನೆ. ಕೋರೆ ಅಥವಾ ಕೊಂಬುಳ್ಳ ತನ್ನ ಪ್ರಾಣಿಯ ಬಾಧೆಯಿಂದ ಒಬ್ಬನನ್ನು ಬಿಡಿಸಲು ಶಕ್ತನಾಗಿದ್ದರೂ ಬಿಡಿಸದ ಒಡೆಯನಿಗೆ ಪ್ರಥಮಸಾಹಸ ದಂಡ. ಆ ಮನುಷ್ಯನು ಕೂಗಿಕೊಂಡಿದ್ದರೂ ಬಿಡಿಸದಿದ್ದರೆ ಅದರ ಇಮ್ಮಡಿ. ಕೂಗು ಕಿವಿಗೆ ಬಿದ್ದಮೇಲೆ ತಿಳಿಯದೆಂಬ ಸಮಾಧಾನಕ್ಕೆ ಎಡೆಯಿಲ್ಲ. ಈ ಸ್ಮೃತಿಯ ಮೇಲೆ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದುದು ಕರ್ಣಾಟಕದ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ.

ಇಂತು ಮೂರು ಅಂಗಗಳು ಸಿದ್ಧವಾಗುತ್ತವೆ: ಉಪಕರಣಗಳ ಸಿದ್ಧತೆ, ನಿತ್ಯಾವೇಕ್ಷಣೆ, ನಿಶ್ಚಿತವಾದ ಹೊಣೆ. ೧೯೪೮ರ ಕಾರ್ಖಾನೆಗಳ ಶಾಸನದಲ್ಲಿಯೂ ಇವೇ ಕಂಡುಬರುತ್ತವೆ. ಯಂತ್ರದ ಆವರಣವನ್ನು ಒಮ್ಮೆ ಹಾಕಿದರೆ ಸಾಲದು, ಯಂತ್ರವು ಚಲಿಸುತ್ತಿರುವಷ್ಟು ಕಾಲವೂ ಅದು ಸ್ವಸ್ಥಾನದಲ್ಲಿರಬೇಕೆಂದೂ, ಭಾರವನ್ನೆತ್ತುವ ಯಂತ್ರಗಳನ್ನು ೧೨ ತಿಂಗಳಿಗೊಮ್ಮೆಯಾದರೂ ಪರೀಕ್ಷಿಸಿ ದಾಖಲೆಯಲ್ಲಿ ಬರೆಯಬೇಕೆಂದೂ ಅದು ವಿಧಿಸಿದ್ದಿತು. ಅವೇಕ್ಷಣೆ ತಪ್ಪಿದರೆ ಏನಾಗುವುದೆಂಬುದಕ್ಕೆ ಭೋಪಾಲದ ದುರಂತವೇ ಸಾಕ್ಷಿ. ೧೯೮೪ರ ಡಿಸೆಂಬರ್ ೨-೩ರ ರಾತ್ರಿ ಅಲ್ಲಿಯ ಕೀಟನಾಶಕ ಕಾರ್ಖಾನೆಯಿಂದ ಹೊರಬಿದ್ದ ವಿಷಾನಿಲವು ಸಾವಿರಾರು ಮಂದಿಯನ್ನು ಕೊಂದಿತು. ವಿಷದ್ರವವನ್ನು ತಂಪಾಗಿಡುವ ಯಂತ್ರವೂ ಅನಿಲವನ್ನು ಸುಡುವ ಗೋಪುರವೂ ಅಲ್ಲಿದ್ದುವು. ಆದರೆ ಮೊದಲನೆಯದನ್ನು ನಿಲ್ಲಿಸಲಾಗಿತ್ತು, ಎರಡನೆಯದರ ಕೊಳವೆಯನ್ನು ದುರಸ್ತಿಗಾಗಿ ಬಿಚ್ಚಲಾಗಿತ್ತು. ಕೊಡಗಳಿದ್ದುವು, ನೀರಿರಲಿಲ್ಲ. ಆ ಬಳಿಕ ೧೯೮೭ರ ತಿದ್ದುಪಡಿಯಿಂದ, ಅಪಾಯಕರ ಪ್ರಕ್ರಿಯೆಗಳ ಕಾರ್ಖಾನೆಯಲ್ಲಿ ಸನ್ನಿಹಿತವಾದ ಗಂಡಾಂತರವನ್ನು ಕಂಡ ಕರ್ಮಕರನು ಒಡೆಯನಿಗೂ ತನಿಖೆಯ ಅಧಿಕಾರಿಗೂ ಅದನ್ನು ತಿಳಿಸುವ ಹಕ್ಕೂ, ತಿಳಿದೊಡನೆ ಪರಿಹಾರವನ್ನು ಕೈಕೊಳ್ಳುವ ಹೊಣೆ ಒಡೆಯನಿಗೂ ಉಂಟಾದುವು. ಯಾಜ್ಞವಲ್ಕ್ಯನು ಲೆಕ್ಕಕ್ಕೆ ತೆಗೆದುಕೊಂಡ ಕೂಗಿಗೆ ಶಾಸನದಲ್ಲಿ ಸ್ಥಾನ ದೊರೆತಂತಾಯಿತು.

ಸಾದೃಶ್ಯವನ್ನು ಹೇಳುವಾಗ ಭೇದವನ್ನು ಮರೆಯಲಾಗದು. ಬಂಡಿಯ ಅಚ್ಚು ಮುರಿದು ಹಾನಿಯಾದರೆ ದಂಡವಿಲ್ಲವೆಂಬುದು ಮನುವಿನ ಮತ. ಅಚ್ಚನ್ನು ಕಡೆಯ ಸಲ ಪರೀಕ್ಷಿಸಿದುದೆಂದು ಎಂಬುದು ಇಂದಿನ ಶಾಸನದ ಪ್ರಶ್ನೆ. ಅಂದು ದೈವವೆನಿಸಿದುದು ಇಂದು ಪ್ರಮಾದವೆನಿಸಿದೆ. ಇದು ನಿಸ್ಸಂದೇಹವಾಗಿ ಮುನ್ನಡೆ. ಮತ್ತೊಂದು ಕಡೆ, ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ೨೦೨೦ರ ವೃತ್ತಿಸುರಕ್ಷಾ ಸಂಹಿತೆಯು, ಕಾರ್ಖಾನೆಯೆಂಬ ಸಂಜ್ಞೆಗೆ ಬೇಕಾದ ಕರ್ಮಕರರ ಸಂಖ್ಯೆಯನ್ನು ಯಂತ್ರಶಕ್ತಿಯುಳ್ಳೆಡೆ ೧೦ರಿಂದ ೨೦ಕ್ಕೂ, ಇಲ್ಲದೆಡೆ ೨೦ರಿಂದ ೪೦ಕ್ಕೂ ಏರಿಸಿದೆ. ಕೌಟಿಲ್ಯನ ಐದು ಕೊಡಗಳಿಗೆ ಇಂತಹ ಸಂಖ್ಯೆಯ ಮಿತಿಯಿರಲಿಲ್ಲ. ಒಂಟಿ ಮನೆಯವನೂ ಅವನ್ನು ಇರಿಸಬೇಕಾಗಿದ್ದಿತು. ಬೆಂಕಿಯು ತಲೆಯೆಣಿಸಿ ಸುಡುವುದಿಲ್ಲವಾದುದರಿಂದ, ಸಣ್ಣ ಕರ್ಮಶಾಲೆಗಳಲ್ಲಿ ಏಣಿಯನ್ನೂ ಕೊಡಗಳನ್ನೂ ನಿತ್ಯವೂ ನೋಡತಕ್ಕವರು ಯಾರೆಂಬುದನ್ನು ಖಚಿತಪಡಿಸುವ ಕಾರ್ಯವು ಶಾಸನಕರ್ತರ ಮುಂದೆ ಇನ್ನೂ ಉಳಿದಿದೆ.