ಮಂಗಳೂರಿನ ಹಡಗುಗಳನ್ನು ಸುಟ್ಟ ಅಡ್ಮಿರಲ್

ಎಡ್ವರ್ಡ್ ಹ್ಯೂಸ್ ಹುಟ್ಟಿದ್ದು 1720ರ ಸುಮಾರಿಗೆ, ಇಂಗ್ಲೆಂಡಿನ ಹರ್ಟ್‌ಫರ್ಡ್‌ನಲ್ಲಿ. 1735ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ಬ್ರಿಟಿಷ್ ನೌಕಾಪಡೆ ಸೇರಿದ. 1739ರಲ್ಲಿ ಸ್ಪೇನಿನ ವಶದಲ್ಲಿದ್ದ ಪೋರ್ಟೊಬೆಲೊ ಬಂದರಿನ ಮೇಲೆ ನಡೆದ ದಾಳಿಯಲ್ಲಿ ಪಾಲ್ಗೊಂಡು, ಮರುವರ್ಷ ಲೆಫ್ಟಿನೆಂಟನಾದ. 1748ರಲ್ಲಿ ಕ್ಯಾಪ್ಟನ್ ಆದ. ಕೆನಡಾಕ್ಕಾಗಿ ಇಂಗ್ಲಿಷರೂ ಫ್ರೆಂಚರೂ ಕಾದಾಡಿದಾಗ 1758ರ ಲೂಯಿಬರ್ಗ್, 1759ರ ಕ್ವಿಬೆಕ್ ಕಾರ್ಯಾಚರಣೆಗಳಲ್ಲಿದ್ದ. ಅಲ್ಲಿಯವರೆಗೆ ಅವನದು ಕೆಲಸ ಬಲ್ಲ ಅಧಿಕಾರಿಯೊಬ್ಬನ ಸಾಮಾನ್ಯ ದಾರಿ. ಹೆಸರು ಬಂದದ್ದು ಅರವತ್ತರ ವಯಸ್ಸಿನ ಆಸುಪಾಸಿನಲ್ಲಿ, ಅದೂ ಹಿಂದೂ ಮಹಾಸಾಗರದಲ್ಲಿ.

1773ರಿಂದ 1777ರವರೆಗೆ ಹ್ಯೂಸ್ ಪೂರ್ವ ಸಮುದ್ರಗಳ ಬ್ರಿಟಿಷ್ ನೌಕಾಪಡೆಗೆ ಮುಖ್ಯಸ್ಥನಾಗಿದ್ದ. 1778ರಲ್ಲಿ ರಿಯರ್ ಅಡ್ಮಿರಲ್ ಪದವಿ, ‘ಸರ್’ ಬಿರುದು ಎರಡೂ ಸಿಕ್ಕವು. ಮರುವರ್ಷ ಅದೇ ಹುದ್ದೆಗೆ ಮತ್ತೆ ಹೊರಟ. 74 ಫಿರಂಗಿಗಳ ‘ಸೂಪರ್ಬ್’ ಅವನ ಮುಖ್ಯ ಹಡಗು. 1780ರ ಜುಲೈನಲ್ಲಿ ಮೈಸೂರಿನ ಹೈದರ್ ಅಲಿಯ ದಂಡು ಘಟ್ಟ ಇಳಿದು ಆರ್ಕಾಟಿನ ಬಯಲಿಗೆ ನುಗ್ಗಿತು. ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ಸೈನ್ಯ ನಾಶವಾಯಿತು. ನೆಲದ ಮೇಲೆ ಇಂಗ್ಲಿಷರಿಗೆ ಇಷ್ಟು ಕೆಟ್ಟ ಕಾಲ ಹಿಂದೆ ಬಂದಿರಲಿಲ್ಲ.

ಸಮುದ್ರದ ಲೆಕ್ಕ ಬೇರೆಯಾಗಿತ್ತು. 1763ರಲ್ಲಿ ಬಿದನೂರು ಗೆದ್ದ ಹೈದರನಿಗೆ ಅದರ ಜೊತೆ ಮಂಗಳೂರು ಸೇರಿದಂತೆ ಕೆನರಾ ಕರಾವಳಿಯೂ ದಕ್ಕಿತ್ತು. ಘಟ್ಟದ ಮರ, ಕರಾವಳಿಯ ಕಸುಬುದಾರರು ಕೈಗೆಟುಕುವಂತಿದ್ದುದರಿಂದ ಅವನು ಯುದ್ಧದ ಹಡಗುಗಳನ್ನು ಕಟ್ಟಿಸಿದ. 1768ರಲ್ಲಿ ಮುಂಬಯಿಯಿಂದ ಬಂದ ಇಂಗ್ಲಿಷ್ ಪಡೆ ಮಂಗಳೂರನ್ನೂ ಅಲ್ಲಿದ್ದ ಹಡಗುಗಳನ್ನೂ ಹಿಡಿಯಿತು. ಊರನ್ನು ಹೈದರ್ ಕೆಲವೇ ತಿಂಗಳಲ್ಲಿ ಮರಳಿ ಪಡೆದ, ನೌಕಾಪಡೆಯನ್ನು ಮೊದಲಿನಿಂದ ಕಟ್ಟಬೇಕಾಯಿತು. ಹಾಗೆ ಎರಡನೆಯ ಸಲ ಕಟ್ಟಿದ ಹಡಗುಗಳೇ ಹ್ಯೂಸ್‌ನ ಗುರಿ.

1780ರ ಡಿಸೆಂಬರಿನಲ್ಲಿ ಅವನ ಪಡೆ ಮಂಗಳೂರಿನ ಎದುರು ಲಂಗರು ಹಾಕಿತು. ನೇತ್ರಾವತಿ, ಗುರುಪುರ ನದಿಗಳು ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ಮರಳ ದಿಬ್ಬವಿದ್ದು, ಭಾರಿ ಹಡಗುಗಳಿಗೆ ದಡದ ಹತ್ತಿರ ನೀರಿನ ಆಳ ಸಾಲುತ್ತಿರಲಿಲ್ಲ. ಆದ್ದರಿಂದ ದಾಳಿಗೆ ಹೋದದ್ದು ದೋಣಿಗಳು. ಈಸ್ಟ್ ಇಂಡಿಯಾ ಕಂಪನಿಯ ಸಣ್ಣ ಹಡಗುಗಳು ಅವಕ್ಕೆ ಫಿರಂಗಿಯ ರಕ್ಷಣೆ ಕೊಟ್ಟವು. 28 ಮತ್ತು 26 ಫಿರಂಗಿಗಳ ಎರಡು ಹಡಗುಗಳು ಸುಟ್ಟುಹೋದವು. ಸಣ್ಣವುಗಳಲ್ಲಿ ಕೆಲವು ದಡಕ್ಕೆ ಬಡಿದು ಹಾಳಾದವು. ಸಮುದ್ರಯುದ್ಧವೆಂದು ಕರೆಯುವಷ್ಟು ದೊಡ್ಡ ಘಟನೆಯೇನಲ್ಲ, ಆದರೆ ಪರಿಣಾಮ ದೊಡ್ಡದು: ಸಮುದ್ರದಲ್ಲಿ ಹೈದರ್ ಇನ್ನು ಫ್ರೆಂಚರನ್ನೇ ನೆಚ್ಚಿಕೊಳ್ಳಬೇಕಾಯಿತು.

ಆ ವೇಳೆಗೆ ಡಚ್ಚರೂ ಇಂಗ್ಲಿಷರ ವೈರಿಗಳಾಗಿದ್ದರು. 1781ರ ನವೆಂಬರಿನಲ್ಲಿ ಜನರಲ್ ಮನ್ರೋನ ಪಡೆಯೊಡನೆ ಹ್ಯೂಸ್ ನಾಗಪಟ್ಟಣ ಹಿಡಿದ. 1782ರ ಜನವರಿಯಲ್ಲಿ ಸಿಂಹಳದ ಟ್ರಿಂಕೋಮಲಿಯನ್ನು ಗೆದ್ದ. ಚೋಳಮಂಡಲ ತೀರದಲ್ಲಿ ಹಡಗುಗಳಿಗೆ ಆಸರೆಯಾಗುವ ಬಂದರಿಲ್ಲದ ಕಾರಣ ಟ್ರಿಂಕೋಮಲಿಗೆ ಬೆಲೆ ಹೆಚ್ಚು. ಹಿಂಗಾರಿನ ಬಿರುಗಾಳಿ ಏಳುವ ಅಕ್ಟೋಬರ್ ಹೊತ್ತಿಗೆ ಬ್ರಿಟಿಷ್ ಹಡಗುಗಳು ಪಶ್ಚಿಮ ತೀರ ಸುತ್ತಿ ಮುಂಬಯಿಗೆ ಹೋಗಬೇಕಿತ್ತು, ರಿಪೇರಿಯೂ ಅಲ್ಲೇ.

1782ರ ಫೆಬ್ರವರಿಯಲ್ಲಿ ಫ್ರೆಂಚ್ ನೌಕಾಪಡೆಯೊಂದಿಗೆ ಸಫ್ರೆನ್ ಬಂದ. ಹದಿನಾರು ತಿಂಗಳಲ್ಲಿ ಇಬ್ಬರೂ ಐದು ಸಲ ಸೆಣಸಿದರು: ಫೆಬ್ರವರಿಯಲ್ಲಿ ಸದ್ರಾಸ್, ಏಪ್ರಿಲ್‌ನಲ್ಲಿ ಪ್ರಾವಿಡಿಯನ್, ಜುಲೈನಲ್ಲಿ ನಾಗಪಟ್ಟಣ, ಸೆಪ್ಟೆಂಬರಿನಲ್ಲಿ ಟ್ರಿಂಕೋಮಲಿ, 1783ರ ಜೂನ್‌ನಲ್ಲಿ ಕಡಲೂರು. ಜಾಣ್ಮೆಯಲ್ಲಿ ಸಫ್ರೆನ್ ಮೇಲು. ಹ್ಯೂಸ್ ಹಡಗುಗಳನ್ನು ಸಾಲುಗಟ್ಟಿ ನಿಲ್ಲಿಸಿ, ಏಟು ತಿಂದು, ಸಾಲು ಮುರಿಯದಂತೆ ನೋಡಿಕೊಳ್ಳುವವ. ಈ ಹಳೇ ಶೈಲಿ ಮಂದವೆನಿಸಿದರೂ ಕೆಲಸ ಕೆಡಲಿಲ್ಲ: ಐದೂ ಕದನಗಳಲ್ಲಿ ಅವನ ಒಂದು ಯುದ್ಧನೌಕೆಯೂ ಶತ್ರುವಿಗೆ ಸೆರೆ ಸಿಗಲಿಲ್ಲ. ನಾಗಪಟ್ಟಣದ ಕಾಳಗದ ನಂತರ, ಜುಲೈ ತಿಂಗಳಲ್ಲೇ, ಹೈದರ್ ಕಡಲೂರಿನ ಬಳಿ ಸಫ್ರೆನ್‌ನನ್ನು ಭೇಟಿಯಾಗಿ ಗೌರವಿಸಿದ. ಹಡಗು ಕಳೆದುಕೊಳ್ಳದಿದ್ದರೂ ಹ್ಯೂಸ್ ಎಡವಿದ್ದುಂಟು. ಅವನು ತಡಮಾಡಿದ್ದರಿಂದ ಆಗಸ್ಟ್ ಕೊನೆಗೆ ಟ್ರಿಂಕೋಮಲಿ ಫ್ರೆಂಚರ ಪಾಲಾಯಿತು. ಕಡಲೂರಿನಲ್ಲಿ 15 ಹಡಗುಗಳ ಎದುರು 18 ಇದ್ದರೂ, ನೀರಿನ ಕೊರತೆ, ಸ್ಕರ್ವಿ ರೋಗದಿಂದ ಕಂಗೆಟ್ಟು ಮದರಾಸಿಗೆ ಹಿಮ್ಮೆಟ್ಟಿದ. ಕಡಲೂರಿನ ಕೋಟೆಗೆ ಮುತ್ತಿಗೆ ಹಾಕಿದ್ದ ಇಂಗ್ಲಿಷ್ ಸೈನ್ಯ ಸಿಕ್ಕಿಬಿತ್ತು. ಅದನ್ನು ಉಳಿಸಿದ್ದು ಯುರೋಪಿನಿಂದ ಬಂದ ಸಂಧಿಯ ಸುದ್ದಿ.

ಹೈದರ್ 1782ರ ಡಿಸೆಂಬರಿನಲ್ಲೇ ತೀರಿಕೊಂಡಿದ್ದ. ಇಂಗ್ಲಿಷರ ಕೈಸೇರಿದ್ದ ಮಂಗಳೂರಿನ ಕೋಟೆಗೆ ಅವನ ಮಗ ಟಿಪ್ಪುವಿನ ಮುತ್ತಿಗೆ ಇನ್ನೂ ಇದ್ದಾಗ, 1783ರ ನವೆಂಬರಿನಲ್ಲಿ, ಐದು ಕದನಗಳನ್ನು ತಾಳಿದ್ದ ‘ಸೂಪರ್ಬ್’ ತಲಶ್ಶೇರಿಯ ಬಳಿ ಒಡೆದುಹೋಯಿತು. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದ ಯುದ್ಧವನ್ನು ಮುಗಿಸಿತು. ನೌಕಾಪಡೆಯ ಆಸೆಯನ್ನು ಟಿಪ್ಪು ಬಿಡಲಿಲ್ಲ. 1796ರಲ್ಲಿ ಸುಮಾರು ನಲವತ್ತು ಹಡಗುಗಳ ಯೋಜನೆಯೊಂದನ್ನು ಹಾಕಿದ, ಅದು ಪೂರ್ಣವಾಗುವ ಮೊದಲೇ ಶ್ರೀರಂಗಪಟ್ಟಣ ಬಿತ್ತು.

ಹ್ಯೂಸ್ ಭಾರತದಲ್ಲಿ ಗಳಿಸಿದ ಅಪಾರ ಹಣದೊಂದಿಗೆ ಇಂಗ್ಲೆಂಡಿಗೆ ಮರಳಿದ. ಮತ್ತೆ ಸಮುದ್ರಕ್ಕಿಳಿಯಲಿಲ್ಲ; ದಾನಧರ್ಮಕ್ಕೆ ಧಾರಾಳವಾಗಿ ಕೊಟ್ಟ. ಜೋಶುವಾ ರೆನಾಲ್ಡ್ಸ್ ಬಿಡಿಸಿದ ಅವನ ದೊಡ್ಡ ಭಾವಚಿತ್ರ ಉಳಿದಿದೆ. 1794ರಲ್ಲಿ ಎಸೆಕ್ಸ್‌ನ ಲಕ್ಸ್‌ಬರೊದಲ್ಲಿ ಸತ್ತ. ಅವನ ಸಂಪತ್ತು ಮುಂದೆ ಹೆಂಡತಿಯ ಮೊದಲ ಮದುವೆಯ ಕಡೆಯ ಮೊಮ್ಮಗನಿಗೆ ಸೇರಿತು. ಲಂಡನ್ನಿನಲ್ಲಿ ‘ಗೋಲ್ಡನ್ ಬಾಲ್’ ಎಂದು ಹೆಸರಾದ ಆ ಶೋಕಿಲಾಲ ಅದರ ಬಹುಪಾಲನ್ನು ಜೂಜಿನಲ್ಲಿ ಕಳೆದು ಫ್ರಾನ್ಸಿಗೆ ಹೋಗಿ ನೆಲೆಸಿದ.