ಹೈದರಾಬಾದಿನ ಪೇಟೆಯಲ್ಲಿ ಪರದೇಶದ ಫಲಗಳು

ಹೈದರಾಬಾದಿನ ನಡುಭಾಗದಲ್ಲಿ, ಹಲವು ದಾರಿಗಳು ಬಂದು ಕೂಡುವ ಎಡೆಯಲ್ಲಿ, ಗ್ರಾನೈಟ್ ಶಿಲೆಯಿಂದ ಕಟ್ಟಿ ಮೇಲೆ ಗಡಿಯಾರದ ಗೋಪುರವನ್ನು ನಿಲ್ಲಿಸಿರುವ ಮೊಅಜ್ಜಂ ಜಾಹಿ ಮಾರುಕಟ್ಟೆಯು ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ, 1935ರಲ್ಲಿ, ಸಿದ್ಧವಾಯಿತು. ನಿಜಾಮರ ಎರಡನೆಯ ಪುತ್ರನ ಹೆಸರನ್ನು ಧರಿಸಿದ ಈ ಕಟ್ಟಡವು, ಕಲಬುರಗಿ, ಬೀದರ, ರಾಯಚೂರು ಸೀಮೆಗಳ ಕನ್ನಡಿಗರಿಗೆ 1956ರವರೆಗೆ ರಾಜಧಾನಿಯಾಗಿದ್ದ ಈ ನಗರದಲ್ಲಿ, ಬಹುಕಾಲ ಹಣ್ಣಿನ ವ್ಯಾಪಾರದ ಕೇಂದ್ರವಾಗಿತ್ತು. ನಗರ ಬೆಳೆದಂತೆ ಸಗಟು ವ್ಯಾಪಾರವು 1980ರ ದಶಕದಲ್ಲಿ ಕೊತ್ತಪೇಟೆಯ ಗಡ್ಡಿಅನ್ನಾರಂ ಮಾರುಕಟ್ಟೆಗೆ ಸರಿಯಿತು. ಆ ನೆಲವನ್ನೂ ಆಸ್ಪತ್ರೆಯೊಂದಕ್ಕಾಗಿ ಬಿಟ್ಟುಕೊಟ್ಟು, 2021ರಲ್ಲಿ ಹೊರವರ್ತುಲ ರಸ್ತೆಯ ಬಳಿಯ ಬಾಟಸಿಂಗಾರಕ್ಕೆ ಹೋಯಿತು. ಬಂಗನಪಲ್ಲಿ ಮಾವು, ನಲ್ಗೊಂಡದ ಮೋಸಂಬಿಗಳ ರಾಶಿಗಳೇ ಇಂದಿಗೂ ಈ ವ್ಯಾಪಾರದ ಜೀವಾಳವಾಗಿದ್ದರೂ, ನಮ್ಮ ಅಜ್ಜಂದಿರು ಕಣ್ಣಿನಿಂದ ಕಂಡರಿಯದ ಮ್ಯಾಂಗೊಸ್ಟೀನ್, ರಂಬುಟಾನ್, ಲಾಂಗನ್, ಡ್ರ್ಯಾಗನ್ ಫ್ರೂಟ್, ಹಾಸ್ ತಳಿಯ ಬೆಣ್ಣೆಹಣ್ಣುಗಳ ಪೆಟ್ಟಿಗೆಗಳು ಈಗ ನಗರದ ಅಂಗಡಿಗಳಲ್ಲಿ ದಿನವೂ ಬಿಚ್ಚಿಕೊಳ್ಳುತ್ತಿವೆ.

ಇವುಗಳನ್ನು ನೋಡಿ, ಪರದೇಶದ ಹಣ್ಣಿನ ಗೀಳು ಇತ್ತೀಚಿನ ಸಿರಿವಂತರದೆಂದು ತೀರ್ಮಾನಿಸುವವರುಂಟು. ಆದರೆ ಮಳೆಗಾಲ ಹಿಂಜರಿದೊಡನೆ ಮಹಬೂಬನಗರದ ಬಾಲಾನಗರದ ಕಡೆಯಿಂದ ಬುಟ್ಟಿಬುಟ್ಟಿಯಾಗಿ ಬಂದು, ಬಡವ ಬಲ್ಲಿದರೆನ್ನದೆ ಎಲ್ಲರ ಮನೆಯನ್ನೂ ಹೊಗುವ ಸೀತಾಫಲವು, ಇದೇ ಊರಿನಲ್ಲಿ ಸೀತಾಫಲ್ ಮಂಡಿಯೆಂಬ ಒಂದು ಬಡಾವಣೆಗೆ ಹೆಸರನ್ನೇ ಕೊಟ್ಟ ಆ ಫಲವು, ಅಮೆರಿಕ ಖಂಡದ್ದು. ಪೇರಲ, ಪರಂಗಿ, ಅನಾನಸು, ಸಪೋಟಗಳೂ ಅಲ್ಲಿಯವೇ. ಅವುಗಳಲ್ಲಿ ಹಲವನ್ನು ಪೋರ್ತುಗೀಸರ ಹಡಗುಗಳು ಈ ದಡಕ್ಕೆ ತಂದವು. ಪೋರ್ತುಗೀಸರ ರೇವುಗಳಿಂದ ಬರುತ್ತಿದ್ದ ಅನಾನಸು ತನ್ನ ಆಗ್ರಾದ ಗುಲ್‌ಅಫ್ಶಾನ್ ತೋಟದಲ್ಲಿ ವರ್ಷಕ್ಕೆ ಸಾವಿರಗಟ್ಟಲೆ ಫಲಿಸುತ್ತಿದೆಯೆಂದು ಜಹಾಂಗೀರ ಬಾದಶಹನು ತನ್ನ ಆತ್ಮಕಥನದಲ್ಲಿ ಹೆಮ್ಮೆಯಿಂದ ಬರೆದಿಟ್ಟಿದ್ದಾನೆ. ಒಂದು ಶತಮಾನದ ಆಮದು ಇನ್ನೊಂದು ಶತಮಾನದ ನೈವೇದ್ಯವಾಗುವುದು ನಮ್ಮ ನಾಡಿನಲ್ಲಿ ಹೊಸತಲ್ಲ.

ಇಲ್ಲಿ ವಿಚಾರವಂತ ಓದುಗನಿಗೆ ಒಂದು ಪ್ರಶ್ನೆ ಹುಟ್ಟುವುದು ಸಹಜ. ಸಾಗರದಾಚೆಯ ಅಮೆರಿಕದ ಸೀತಾಫಲ ನಮ್ಮ ಬೆಟ್ಟಗುಡ್ಡಗಳಲ್ಲಿ ತಾನೇ ತಾನಾಗಿ ಬೆಳೆಯುವಷ್ಟು ನೆಲೆಗೊಂಡಿರುವಾಗ, ಬಂಗಾಳ ಕೊಲ್ಲಿಯ ಆಚೆಯ ಮಲಯ ದೇಶದ ಮ್ಯಾಂಗೊಸ್ಟೀನ್, ರಂಬುಟಾನ್, ಡೂರಿಯನ್‌ಗಳು, ಸಾವಿರಾರು ವರ್ಷಗಳಿಂದ ನಮ್ಮ ನಾವೆಗಳು ಆ ರೇವುಗಳಿಗೆ ಹೋಗಿ ಬರುತ್ತಿದ್ದರೂ, ಏಕೆ ನಮ್ಮವಾಗಲಿಲ್ಲ? ಇದರ ಉತ್ತರದ ಒಂದು ಪಾಲು ಬೀಜದಲ್ಲಿದೆ. ಸೀತಾಫಲ, ಪೇರಲ, ಪರಂಗಿಗಳ ಬೀಜಗಳು ಒಣಗಿದರೂ ಜೀವ ಹಿಡಿದುಕೊಂಡಿರತಕ್ಕವು. ನಾವಿಕನ ಗಂಟಿನ ಮೂಲೆಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದು, ದಡ ಸೇರಿದ ಮೇಲೆ ಒದ್ದೆ ಮಣ್ಣು ಸಿಕ್ಕರೆ ಮೊಳೆಯಬಲ್ಲವು. ಮ್ಯಾಂಗೊಸ್ಟೀನ್, ರಂಬುಟಾನ್, ಡೂರಿಯನ್‌ಗಳ ಬೀಜಗಳಾದರೋ ಒಣಗಿದೊಡನೆ ಸಾಯುತ್ತವೆ. ಹಣ್ಣಿನಿಂದ ಬೇರ್ಪಟ್ಟ ಕೆಲವೇ ದಿನಗಳಲ್ಲಿ ನೆಲವನ್ನು ಸೇರದಿದ್ದರೆ ಅವುಗಳ ವಂಶ ಅಲ್ಲಿಗೇ ಮುಗಿಯಿತು. ಮೊಳೆತರೂ ಮ್ಯಾಂಗೊಸ್ಟೀನ್ ಮರವು ಫಲ ಕೊಡಲು ಎಂಟು ಹತ್ತು ವರ್ಷಗಳನ್ನು ತೆಗೆದುಕೊಳ್ಳುತ್ತದೆ, ಮತ್ತು ವರ್ಷವೆಲ್ಲ ತೇವವಿರುವ ಗಾಳಿಯನ್ನು ಬೇಡುತ್ತದೆ. ದಖ್ಖನಿನ ಒಣ ಬೇಸಗೆಯನ್ನು ಅದು ಸಹಿಸಲಾರದು. ಆದಕಾರಣ ಬೀಜ ಬರಲಾರದ ಊರಿಗೆ ಹಣ್ಣೇ ಬರಬೇಕಾಯಿತು. ಹಣ್ಣು ಬರಲು ಕಾಯಿದೆ ಬೇಕು, ಶೀತಯಂತ್ರ ಬೇಕು, ವೇಗದ ವಾಹನ ಬೇಕು.

ಕಾಯಿದೆಯ ಬಾಗಿಲು ತೆರೆದದ್ದು ಬಹಳ ಹಿಂದೇನೂ ಅಲ್ಲ. 2001ರ ಏಪ್ರಿಲ್ 1ರಂದು ಭಾರತವು ಉಳಿದಿದ್ದ 715 ಬಗೆಯ ಸರಕುಗಳ ಮೇಲಿನ ಪರಿಮಾಣದ ನಿರ್ಬಂಧವನ್ನು ತೆಗೆದುಹಾಕಿತು. 2003ರಲ್ಲಿ ಥಾಯ್ಲೆಂಡಿನೊಡನೆ ಮಾಡಿಕೊಂಡ ಒಪ್ಪಂದದ ಪ್ರಕಾರ 82 ಸರಕುಗಳ ಸುಂಕವು 2004ರ ಸೆಪ್ಟೆಂಬರಿನಿಂದ ಹಂತಹಂತವಾಗಿ ಇಳಿದು, ಎರಡು ವರ್ಷಗಳಲ್ಲಿ ಪೂರ್ತಿಯಾಗಿ ಇಲ್ಲವಾಯಿತು. ಮ್ಯಾಂಗೊಸ್ಟೀನ್, ರಂಬುಟಾನ್, ಲಾಂಗನ್, ಡೂರಿಯನ್‌ಗಳು ಆ ಪಟ್ಟಿಯಲ್ಲಿದ್ದವು. ಆದರೆ ಸುಂಕ ಹೋದ ಮಾತ್ರಕ್ಕೆ ದಾರಿ ಸುಗಮವಾಗಲಿಲ್ಲ, ಆಗಲೂ ಕೂಡದು. 2003ರ ಸಸ್ಯ ಸಂಪರ್ಕನಿಷೇಧ ಆದೇಶದ ಮೇರೆಗೆ ಪ್ರತಿಯೊಂದು ಹಣ್ಣೂ, ಅದು ಹೊರಟ ದೇಶವೂ ಜೊತೆಯಾಗಿ ಅನುಮತಿಯ ಪಟ್ಟಿಯಲ್ಲಿರಬೇಕು. ಹೊರಟ ದೇಶದ ಅಧಿಕಾರಿಯ ಆರೋಗ್ಯಪತ್ರ ಸರಕಿನೊಡನೆ ಬರಬೇಕು. ರೇವಿನಲ್ಲಿಯೋ ವಿಮಾನನಿಲ್ದಾಣದಲ್ಲಿಯೋ ಪರೀಕ್ಷಕರು ಮಾದರಿಗಳನ್ನು ತೆಗೆದು, ಹಣ್ಣುನೊಣದ ಹುಳು, ಹಿಟ್ಟುತಿಗಣೆ, ಶಲ್ಕಕೀಟಗಳಿವೆಯೇ ಎಂದು ನೋಡಬೇಕು. ಇಂಥ ಪರೀಕ್ಷಕರಿಗೆ ಶಿಕ್ಷಣ ಕೊಡುವ ಕೇಂದ್ರ ಸರಕಾರದ ಸಸ್ಯಾರೋಗ್ಯ ಸಂಸ್ಥೆಯು ಹೈದರಾಬಾದಿನ ರಾಜೇಂದ್ರನಗರದಲ್ಲಿಯೇ ಇದೆ; 1966ರಲ್ಲಿ ಸಸ್ಯಸಂರಕ್ಷಣೆಯ ತರಬೇತಿಗಾಗಿ ಅದು ಆರಂಭವಾಯಿತು.

ಈ ತಪಾಸಣೆಯನ್ನು ಕಿರುಕುಳವೆಂದು ಗೊಣಗುವ ವ್ಯಾಪಾರಿಗಳಿದ್ದಾರೆ. ಅವರಿಗೆ ಪರಂಗಿಯ ಹಿಟ್ಟುತಿಗಣೆಯ ವೃತ್ತಾಂತವನ್ನು ನೆನಪಿಸಬೇಕಾಗುತ್ತದೆ. ಮೆಕ್ಸಿಕೊ ಸೀಮೆಯ ಮೂಲದ ಈ ಬಿಳಿಯ ಕೀಟವು 2008ರಲ್ಲಿ ಕೊಯಮತ್ತೂರಿನ ಬಳಿ ಮೊದಲು ಕಾಣಿಸಿಕೊಂಡು, ಪರಂಗಿಯ ತೋಟಗಳನ್ನು ಹಾಳುಗೆಡವಿದ್ದಲ್ಲದೆ ಹಿಪ್ಪುನೇರಳೆಗೂ ಹತ್ತಿ, ತಮಿಳುನಾಡು, ಕರ್ನಾಟಕಗಳ ರೇಷ್ಮೆಯ ರೈತರನ್ನು ಕಂಗೆಡಿಸಿತು. ಔಷಧ ಸಿಂಪಡಿಸಿ ಸೋತ ಮೇಲೆ, 2010ರಲ್ಲಿ ಬೆಂಗಳೂರಿನ ಕೃಷಿಕೀಟಗಳ ರಾಷ್ಟ್ರೀಯ ಸಂಸ್ಥೆಯವರು ಪೋರ್ಟೊ ರಿಕೊ ದ್ವೀಪದಿಂದ ಅದರ ಸಹಜಶತ್ರುಗಳಾದ ಪುಟ್ಟ ಕಣಜಗಳನ್ನು ತರಿಸಿ, ಬೆಳೆಸಿ, ತೋಟಗಳಲ್ಲಿ ಬಿಟ್ಟ ಬಳಿಕವಷ್ಟೆ ಪೀಡೆ ಹತೋಟಿಗೆ ಬಂದಿತು. ಇಷ್ಟು ಸಣ್ಣ ಪ್ರಾಣಿಯೊಂದು ಸಾವಿರಾರು ಸಂಸಾರಗಳ ಅನ್ನವನ್ನು ಕಸಿಯಬಲ್ಲುದಾದರೆ, ಒಂದು ಪೆಟ್ಟಿಗೆಯ ಹಣ್ಣು ಒಂದು ದಿನ ತಡವಾಗುವುದು ಬಹಳ ದೊಡ್ಡ ನಷ್ಟವಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ.

ಆದರೂ ತಡವೆಂಬುದು ಈ ವ್ಯಾಪಾರದಲ್ಲಿ ಪ್ರಾಣಾಂತಿಕವೆಂಬುದನ್ನು ಒಪ್ಪಲೇಬೇಕು. ಹೈದರಾಬಾದಿಗೆ ಸಮುದ್ರವಿಲ್ಲ. ಹಡಗಿನಲ್ಲಿ ಬರುವ ಸರಕು ಮುಂಬಯಿಯ ಬಳಿಯ ನವಶೇವಾ ಬಂದರಿನಲ್ಲಿಯೋ ಚೆನ್ನೈಯಲ್ಲಿಯೋ ಇಳಿದು, ಶೀತಲ ಲಾರಿಗಳಲ್ಲಿ ನೆಲದ ಮೇಲೆ ನೂರಾರು ಮೈಲಿ ಬರಬೇಕು. ವಿಮಾನದಲ್ಲಿ ಬರುವುದಾದರೆ 2008ರಲ್ಲಿ ತೆರೆದ ಶಂಷಾಬಾದಿನ ನಿಲ್ದಾಣಕ್ಕೆ ಬ್ಯಾಂಕಾಕಿನಿಂದ ಕೆಲವು ಗಂಟೆಗಳ ದಾರಿ. ಹಡಗಿನ ದರ ಅಗ್ಗ, ದಿನಗಳು ಹೆಚ್ಚು. ವಿಮಾನದಲ್ಲಿ ದಿನಗಳು ಕಡಮೆ, ದರ ದುಬಾರಿ. ಈ ಎರಡರ ನಡುವೆ ಯಾವುದನ್ನು ಆರಿಸಬೇಕೆಂಬುದನ್ನು ವ್ಯಾಪಾರಿಯ ಲೋಭಕ್ಕಿಂತ ಹೆಚ್ಚಾಗಿ ಹಣ್ಣಿನ ಪ್ರಕೃತಿಯೇ ನಿಶ್ಚಯಿಸುತ್ತದೆ.

ಗಿಡದಿಂದ ಬೇರೆಯಾದ ಹಣ್ಣು ಸತ್ತಿರುವುದಿಲ್ಲ. ಅದು ಉಸಿರಾಡುತ್ತಿರುತ್ತದೆ, ತನ್ನೊಳಗಿನ ಸಕ್ಕರೆಯನ್ನು ತಾನೇ ವ್ಯಯಿಸುತ್ತಿರುತ್ತದೆ. ಶೀತವು ಆ ಉಸಿರನ್ನು ನಿಧಾನಗೊಳಿಸುವುದರಿಂದಲೇ ಕಾಶ್ಮೀರದ ಸೇಬು ಸೊನ್ನೆ ಡಿಗ್ರಿಯ ಸಮೀಪದಲ್ಲಿ ತಿಂಗಳುಗಟ್ಟಲೆ ಬಾಳುತ್ತದೆ. ಆದರೆ ಉಷ್ಣವಲಯದ ಫಲಕ್ಕೆ ಆ ಶೀತವೇ ವಿಷ. ಬಾಳೆಹಣ್ಣನ್ನು 13 ಡಿಗ್ರಿಗಿಂತ ಕೆಳಗೆ ಇಟ್ಟರೆ ಸಿಪ್ಪೆ ಮಂಕಾಗಿ ಕಪ್ಪಿಡುವುದನ್ನು ಮನೆಯ ಫ್ರಿಜ್ಜಿನಲ್ಲಿ ಎಲ್ಲರೂ ಕಂಡಿದ್ದಾರೆ. ಚಳಿಯನ್ನೇ ಅರಿಯದ ಗಿಡದ ಫಲದಲ್ಲಿ ಜೀವಕೋಶಗಳ ಪೊರೆಗಳು ಆ ತಣ್ಪಿನಿಂದ ಬಿಗಿದು ಸೀಳಿ, ಒಳಗಿನ ರಸಗಳು ಒಂದರೊಳಗೊಂದು ಬೆರೆತು ಕಂದುವುದೇ ಇದಕ್ಕೆ ಕಾರಣ. ಮ್ಯಾಂಗೊಸ್ಟೀನ್, ರಂಬುಟಾನ್‌ಗಳೂ 10ರಿಂದ 13 ಡಿಗ್ರಿಗಳ ಆಸುಪಾಸಿನಲ್ಲಿಯೇ ಕ್ಷೇಮವಾಗಿರತಕ್ಕವು. ಅದಕ್ಕಿಂತ ತಣ್ಣಗಾದರೆ ಶೀತಾಘಾತ, ಬೆಚ್ಚಗಾದರೆ ಕೊಳೆ. ಸೇಬನ್ನೂ ರಂಬುಟಾನನ್ನೂ ಒಂದೇ ಕೋಣೆಯಲ್ಲಿ ಕೂಡಿಟ್ಟ ಉಗ್ರಾಣದವನು ಎರಡರಲ್ಲಿ ಒಂದನ್ನು ಕೆಡಿಸದೆ ಇರಲಾರನು. ಹೊರಗೆ ಬೇಸಗೆಯ 42 ಡಿಗ್ರಿ ಸುಡುತ್ತಿರುವ ಹೈದರಾಬಾದಿನಲ್ಲಿ, ಲಾರಿಯಿಂದ ಹಮಾಲರು ಪೆಟ್ಟಿಗೆಗಳನ್ನು ಇಳಿಸಿ ಅಂಗಡಿಗೆ ಒಯ್ಯುವ ಆ ಸ್ವಲ್ಪ ಹೊತ್ತಿನಲ್ಲಿಯೇ ವಾರಗಳ ಶ್ರಮ ಮಣ್ಣುಗೂಡುವುದುಂಟು. ಈ ಹಣ್ಣುಗಳ ಬೆಲೆಯಲ್ಲಿ ನಾವು ತೆರುವ ಹಣದ ಒಂದು ಪಾಲು, ಕೊಳೆತು ಹೊರಗೆ ಎಸೆಯಲ್ಪಟ್ಟ ಹಣ್ಣುಗಳದ್ದು.

ಇನ್ನೊಂದು ಭೇದವನ್ನು ಕೊಳ್ಳುವವನು ಅಗತ್ಯವಾಗಿ ತಿಳಿಯತಕ್ಕದ್ದು. ಮಾವು, ಬಾಳೆ, ಬೆಣ್ಣೆಹಣ್ಣು, ಡೂರಿಯನ್‌ಗಳು ಕೊಯ್ದ ಮೇಲೂ ಪಕ್ವವಾಗುತ್ತವೆ. ಬೆಣ್ಣೆಹಣ್ಣಂತೂ ಮರದ ಮೇಲಿರುವ ತನಕ ಮೆತ್ತಗಾಗುವುದೇ ಇಲ್ಲ. ಆದುದರಿಂದ ಅದು ಗಟ್ಟಿಯಾಗಿರುವಾಗ ಕೊಯ್ದು, ವಾರಗಟ್ಟಲೆ ಪಯಣಿಸಿ, ನಮ್ಮ ಮನೆಯಲ್ಲಿ ಬಾಳೆಹಣ್ಣಿನೊಡನೆ ಕಾಗದದಲ್ಲಿ ಸುತ್ತಿಟ್ಟಾಗ ಹದಕ್ಕೆ ಬರುತ್ತದೆ. ದೂರದ ಪೆರು, ತಾಂಜಾನಿಯಾಗಳಿಂದ ಬಂದರೂ ರುಚಿಗೆಡುವುದಿಲ್ಲ. ರಂಬುಟಾನ್, ಲಾಂಗನ್, ಡ್ರ್ಯಾಗನ್ ಫ್ರೂಟ್‌ಗಳ ಮಾತು ಬೇರೆ. ಕೊಯ್ದ ಗಳಿಗೆಯಲ್ಲಿ ಎಷ್ಟು ಸಿಹಿಯೋ ಅಷ್ಟೇ ಸಿಹಿ. ಆಮೇಲೆ ಮಾಗಲೆಂದು ಇಟ್ಟು ಪ್ರಯೋಜನವಿಲ್ಲ. ವಿಯೆಟ್ನಾಮಿನಿಂದ ಹಡಗಿನಲ್ಲಿ ಬರಲಿರುವ ಡ್ರ್ಯಾಗನ್ ಫ್ರೂಟನ್ನು ದಾರಿಯಲ್ಲಿ ಬಾಳಲೆಂದು ಪೂರ್ತಿ ಮಾಗುವ ಮೊದಲೇ ಕೊಯ್ದಾಗ, ಬಣ್ಣದಲ್ಲಿ ಉಜ್ಜ್ವಲವಾಗಿಯೂ ನಾಲಗೆಗೆ ಸಪ್ಪೆಯಾಗಿಯೂ ಇರುವುದು ಇದರಿಂದಲೇ.

ಕೊಳ್ಳುವಾಗ ರಂಬುಟಾನಿನ ಕೂದಲುಗಳು ಹಸಿಯಾಗಿ ಬಾಗುತ್ತಿವೆಯೇ ಎಂದು ನೋಡಬೇಕು. ಒಣಗಿ ಕಪ್ಪಾಗಿದ್ದರೆ ಬಿಡಬೇಕು. ಮ್ಯಾಂಗೊಸ್ಟೀನ್ ಹೆಬ್ಬೆರಳಿಗೆ ತುಸು ಬಗ್ಗಬೇಕು. ಕಲ್ಲಿನಂತೆ ಗಡಸಾಗಿದ್ದರೆ ಅದು ಹಳೆಯದು, ಇಲ್ಲವೆ ಪೆಟ್ಟು ತಿಂದುದು. ಅದರ ತಳದಲ್ಲಿ ಹೂವಿನ ದಳದಂತೆ ಎಷ್ಟು ಸೀಳುಗಳ ಗುರುತಿದೆಯೋ ಒಳಗೆ ಅಷ್ಟೇ ತೊಳೆಗಳಿರುತ್ತವೆ. ತೊಳೆಗಳು ಹೆಚ್ಚಿದ್ದಷ್ಟೂ ಬೀಜ ದಪ್ಪವಾಗಿರುವ ತೊಳೆ ಕಡಮೆ. ಡೆಂಗಿ ಜ್ವರದ ಕಾಲದಲ್ಲಿ ರಕ್ತದ ಪ್ಲೇಟ್‌ಲೆಟ್ ಏರುವುದೆಂದು ಡ್ರ್ಯಾಗನ್ ಫ್ರೂಟನ್ನೂ ಕಿವಿ ಹಣ್ಣನ್ನೂ ಇಮ್ಮಡಿ ಬೆಲೆಗೆ ಕೊಳ್ಳುವ ರೂಢಿ ಬಿದ್ದಿದೆ. ಆ ನಂಬಿಕೆಗೆ ವೈದ್ಯಶಾಸ್ತ್ರದ ದೃಢವಾದ ಆಧಾರವಿಲ್ಲ. ರೋಗಿ ರುಚಿಗೆ ತಿನ್ನಲಿ, ಚಿಕಿತ್ಸೆಯನ್ನು ವೈದ್ಯರಿಗೆ ಬಿಡಲಿ.

ಬೀಜದ ಕಾರಣದಿಂದ ಶತಮಾನಗಳ ಕಾಲ ಬರಲಾರದಿದ್ದ ಈ ಫಲಗಳು ಕಸಿಯ ಕೌಶಲದಿಂದ ಈಗ ನಮ್ಮ ನೆಲದಲ್ಲಿಯೇ ಬೇರೂರುತ್ತಿರುವುದು ನನಗೆ ಈ ವಿಷಯದ ಅತ್ಯಂತ ಸಂತೋಷದ ಭಾಗ. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರವು ಅರ್ಕಾ ಕೂರ್ಗ್ ಅರುಣ್ ಎಂಬ ಕೆಂಪು, ಅರ್ಕಾ ಕೂರ್ಗ್ ಪೀತಾಭ್ ಎಂಬ ಹಳದಿ ರಂಬುಟಾನ್ ತಳಿಗಳನ್ನು ಹೊರತಂದಿದೆ. ಕಾಫಿತೋಟಗಳಲ್ಲಿ ಬೆಣ್ಣೆಹಣ್ಣಿನ ಮರಗಳು ಬಹುಕಾಲದಿಂದ ನಿಂತಿವೆ. ಪುನರ್ಪುಳಿಯ ಒಡಹುಟ್ಟಿದಂತಿರುವ ಮ್ಯಾಂಗೊಸ್ಟೀನನ್ನು ದಕ್ಷಿಣ ಕನ್ನಡದ ಕೃಷಿಕರು ಅಡಕೆಯ ನಡುವೆ ಬೆಳೆಸುತ್ತಿದ್ದಾರೆ. ತುಮಕೂರಿನ ಹಿರೇಹಳ್ಳಿಯಲ್ಲಿ ಡ್ರ್ಯಾಗನ್ ಫ್ರೂಟಿಗಾಗಿಯೇ ಉತ್ಕೃಷ್ಟತಾ ಕೇಂದ್ರವೊಂದಕ್ಕೆ 2023ರಲ್ಲಿ ಮಂಜೂರಾತಿ ದೊರೆತಿದೆ. ಕಳ್ಳಿಯ ಜಾತಿಯ ಆ ಬಳ್ಳಿಯು ವಿಜಯಪುರದ ಮತ್ತು ತೆಲಂಗಾಣದ ಒಣನೆಲಗಳಲ್ಲಿಯೂ ಕಲ್ಲುಕಂಬಗಳನ್ನು ಹತ್ತಿ, ರಾತ್ರಿ ಹೂಬಿಟ್ಟು, ಫಲಿಸುತ್ತಿದೆ. ಪೂರ್ತಿ ಮಾಗಿದ ಮೇಲೆ ಕೊಯ್ದು ಮರುದಿನವೇ ಪೇಟೆ ಸೇರುವ ಇಂಥ ಹಣ್ಣಿನ ಮುಂದೆ ಆಮದಿನ ಹಣ್ಣು ರುಚಿಯಲ್ಲಿ ನಿಲ್ಲಲಾರದೆಂಬುದು ನನ್ನ ತೀರ್ಮಾನ.

ಆದುದರಿಂದ ಹೈದರಾಬಾದಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಹಣ್ಣಿನಂಗಡಿಯ ಮುಂದೆ ನಿಂತ ಓದುಗರು, ಬೆಲೆಯನ್ನು ಕೇಳುವ ಮೊದಲು ಊರನ್ನು ಕೇಳಬೇಕು. ಮುಂಗಾರಿನ ತಿಂಗಳುಗಳಲ್ಲಿಯೂ ಅದರ ಬೆನ್ನಿಗೂ ಕೊಡಗು, ಕರಾವಳಿ, ಕೇರಳಗಳ ರಂಬುಟಾನ್, ಮ್ಯಾಂಗೊಸ್ಟೀನ್‌ಗಳು ಪೇಟೆಗೆ ಬರುತ್ತವೆ. ಆಗ ಅವನ್ನೇ ಕೇಳಿ ಕೊಳ್ಳಿರಿ. ಅಂಗಡಿಯವನು ತರಿಸಿರದಿದ್ದರೆ ತರಿಸುವಂತೆ ಹೇಳಿರಿ.