ಕಲಾವಿದರಿಗೆ ಕೈಯಾರೆ ಕಟ್ಟಿದ ಕಾಣಿಕೆ



ರಾಮನವಮಿಯು ಬಂದಿತೆಂದರೆ ಬಸವನಗುಡಿ, ಚಾಮರಾಜಪೇಟೆಗಳಲ್ಲಿ ಎರಡು ಬಗೆಯ ಸಿದ್ಧತೆಗಳು ಕಾಣುತ್ತವೆ. ಮನೆಯೊಳಗೆ ಪಾನಕ, ನೀರುಮಜ್ಜಿಗೆ, ಕೋಸಂಬರಿ; ಹೊರಗೆ ಚಪ್ಪರ, ಸಂಗೀತ, ಹರಿಕಥೆ. ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿಯು 1939ರಲ್ಲಿ ಆರಂಭಿಸಿದ ಸಂಗೀತೋತ್ಸವವು ನಾಡಿನಾಚೆಗೂ ಹೆಸರಾಗಿದೆ. ಅದರ ಹಿರಿಮೆ ಹಾಗಿರಲಿ. ಬೀದಿಯ ಚಿಕ್ಕ ಚಪ್ಪರದಲ್ಲಿಯೂ ಕಚೇರಿ ನಡೆಯುವುದುಂಟು. ಕೇಳಿ ತಣಿದವರು ತಮ್ಮ ಕೃತಜ್ಞತೆಯನ್ನು ಹೇಗೆ ಸಲ್ಲಿಸಬೇಕೆಂಬುದೇ ಇಂದಿನ ವಿಷಯ.

ವಿದ್ವಾಂಸರನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬುದು ನಮ್ಮ ಹಿರಿಯರ ನಡತೆ. ವೀಳ್ಯದೆಲೆ, ಅಡಕೆ, ಹಣ್ಣು, ತೆಂಗಿನಕಾಯಿಗಳೊಡನೆ ಸಂಭಾವನೆಯನ್ನು ತಟ್ಟೆಯಲ್ಲಿರಿಸಿ ಕೊಡುವುದು, ಮೇಲೆ ಹಾರವನ್ನು ಹಾಕಿ ಶಾಲು ಹೊದಿಸುವುದು ವಾಡಿಕೆ. ಕೇಳಲು ಬಂದವರಿಗೆ ಪಾನಕವನ್ನು ನಾವು ಕೈಯಾರೆ ಮಾಡಿ ಹಂಚುತ್ತೇವೆ. ಹಾಡಿದವರಿಗೆ ಕೊಡುವುದು ಮಾತ್ರ ಅಂಗಡಿಯಿಂದ ಬರುತ್ತದೆ.

ಒಂದು ವರ್ಷ ನಮ್ಮ ಬೀದಿಯ ಉತ್ಸವದಲ್ಲಿ ಹಾಡಿದವರಿಗೆ ಶಾಲು, ಪಿಟೀಲು ಮೃದಂಗಗಳವರಿಗೆ ಹಾರ ಸಂದವು. ಮೂರು ಗಂಟೆಗಳ ಕಾಲ ಹಿಂದೆ ಕುಳಿತು ತಂಬೂರಿ ಮೀಟಿದ ಹುಡುಗಿಗೆ ಏನೂ ಉಳಿದಿರಲಿಲ್ಲ. ಹಾರಗಳನ್ನು ಎಣಿಸಿ ತಂದವರಲ್ಲಿ ನಾನೂ ಒಬ್ಬ. ಆಕೆ ತಂಬೂರಿಗೆ ಗವಸು ತೊಡಿಸಿ ಸುಮ್ಮನೆ ಎದ್ದು ಹೋದಾಗ ನನಗಾದ ನಾಚಿಕೆ ಅಷ್ಟಿಷ್ಟಲ್ಲ. ಮರುವರ್ಷ ನಾವು ಮನೆಮನೆಗಳಲ್ಲಿ ಕುಳಿತು ಏಲಕ್ಕಿಯ ಹಾರಗಳನ್ನು ಕಟ್ಟಿದೆವು; ವೇದಿಕೆಯ ಮೇಲಿದ್ದವರಿಗೆಲ್ಲ ಒಂದೊಂದು, ಎಲ್ಲವೂ ಒಂದೇ ಬಗೆಯವು.

ಏಲಕ್ಕಿಯ ಹಾರಕ್ಕೆ ಹಾವೇರಿಯು ಪ್ರಸಿದ್ಧವಾದುದು. ಅಲ್ಲಿಯ ಕುಶಲಿಗಳು ಬಣ್ಣದ ದಾರ, ಮಣಿ, ಜರಿಗಳನ್ನು ಸೇರಿಸಿ ಹಲವು ಎಳೆಗಳ ಹಾರಗಳನ್ನು ಮಾಡುತ್ತಾರೆ. ಅಷ್ಟು ಕೌಶಲವು ನಮಗಿಲ್ಲದಿದ್ದರೂ ಒಂದೆಳೆಯ ಹಾರವು ಯಾರಿಗೂ ಅಸಾಧ್ಯವಲ್ಲ. ದುಂಡಾದ, ಬಾಯಿ ಬಿಡದ ಕಾಯಿಗಳನ್ನು ಆರಿಸಿ, ಒದ್ದೆಯ ಬಟ್ಟೆಯಿಂದ ಒರಸಿ, ನೆರಳಿನಲ್ಲಿ ಆರಿಸಬೇಕು. ಗಟ್ಟಿ ದಾರವನ್ನು ಜೋಡಿಯಾಗಿ ಸಣ್ಣ ಸೂಜಿಗೆ ಪೋಣಿಸಿ, ತೊಟ್ಟಿನ ಕಡೆಯಿಂದ ತುದಿಯವರೆಗೆ ಉದ್ದಕ್ಕೆ ಚುಚ್ಚಬೇಕು. ಅವಸರದಿಂದ ಒತ್ತಿದರೆ ಕಾಯಿ ಸೀಳಿ ಕಾಳು ಚೆಲ್ಲುತ್ತದೆ. ಮೆಲ್ಲನೆ ತಿರುಗಿಸುತ್ತ ಚುಚ್ಚುವುದು ಲೇಸು. ಎರಡು ಕಾಯಿಗಳ ನಡುವೆ ಒಂದೊಂದು ಸಣ್ಣ ಮಣಿಯಿಟ್ಟರೆ 36 ಅಂಗುಲದ ಹಾರಕ್ಕೆ ಸುಮಾರು 50 ಕಾಯಿಗಳು ಸಾಕು. ಕೊನೆಗೆ ಬಣ್ಣದ ದಾರದ ಕುಚ್ಚನ್ನು ಕಟ್ಟಿದರೆ ಹಾರವು ಮುಗಿಯಿತು. ಚುಚ್ಚುವ ಕೆಲಸ ಹಿರಿಯರದು. ಮಣಿ ಆರಿಸಿ ಕೊಡುವುದು ಮಕ್ಕಳದು.

ಏಲಕ್ಕಿಯೇ ಏಕೆಂದು ಕೇಳಬಹುದು. ಗಾಂಧಿಬಜಾರಿನಿಂದ ತಂದ ಹೂವಿನ ಹಾರವು ನೋಡಲು ಎಷ್ಟು ಸೊಗಸಾದರೂ ಮರುದಿನಕ್ಕೆ ಬಾಡುತ್ತದೆ. ಊರಿಂದೂರಿಗೆ ಹೋಗುವ ಕಲಾವಿದರು ಅದನ್ನು ಎಲ್ಲಿಟ್ಟುಕೊಂಡಾರು? ಏಲಕ್ಕಿಯ ಹಾರವು ಹಗುರ, ಬಾಡದು, ಚೀಲದೊಳಗೆ ಕಂಪನ್ನು ಬೀರುತ್ತದೆ. ಮನೆಗೆ ಹೋದ ಮೇಲೆ ದಾರವನ್ನು ಬಿಚ್ಚಿ ಪಾಯಸಕ್ಕೆ ಹಾಕಿಕೊಂಡರೂ ಕಾಣಿಕೆಗೆ ಅವಮಾನವಿಲ್ಲ. ಹಾಡುವವರಂತೂ ಒಂದು ಕಾಯಿಯನ್ನು ಬಾಯಲ್ಲಿಟ್ಟುಕೊಳ್ಳುವ ಸುಖವನ್ನು ಬಲ್ಲರು.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಕೈಯಾರೆ ಮಾಡಿದೆವೆಂಬ ಹೆಮ್ಮೆಯಲ್ಲಿ ಸಂಭಾವನೆಯನ್ನು ಮೊಟಕುಗೊಳಿಸಬಾರದು. ಅದು ವಿದ್ಯೆಯನ್ನೇ ನಂಬಿ ಬದುಕುವವರಿಗೆ ಸಲ್ಲಬೇಕಾದ ಹಣ. ಹಾರದಿಂದ ಅವರ ಸಂಸಾರ ಸಾಗದು. ಹಣವು ಋಣವನ್ನು ತೀರಿಸುತ್ತದೆ. ನಾಲ್ಕು ಗಳಿಗೆ ಅವರಿಗಾಗಿ ಕುಳಿತಿದ್ದೆವೆಂಬುದನ್ನು ಹಾರವು ತಿಳಿಸುತ್ತದೆ. ಎರಡೂ ಬೇಕು.

ಆದುದರಿಂದ ಮುಂದಿನ ಉತ್ಸವಕ್ಕೆ ದಾರ ಕೊಳ್ಳುವ ಮೊದಲು ವೇದಿಕೆಯನ್ನೇರುವವರೆಷ್ಟು ಮಂದಿಯೆಂದು ವಿಚಾರಿಸಿಕೊಳ್ಳಿರಿ. ಎಣಿಕೆಯನ್ನು ತಂಬೂರಿಯಿಂದ ಆರಂಭಿಸಿದರೆ ಯಾರೂ ಬಿಟ್ಟುಹೋಗುವ ಭಯವಿರದು.